ಕಾಂಗ್ರೆಸ್ಸು ತಂದ ವಸಂತ

ವಸಂತ ಯಾವಾಗ ಬರುತ್ತದೆ ಎಂದು ಕೇಳಿದರೆ ಕರ್ನಾಟಕದಲ್ಲಿ ಮಾವಿನ ಮರ ಉತ್ತರ ಹೇಳುತ್ತದೆ. ಅದು ಸುಮ್ಮನಿದ್ದರೆ ಪಂಚಾಂಗ ಹೇಳುತ್ತದೆ. ಶಿಕಾಗೊ ಸುತ್ತಮುತ್ತ ನೆಲೆಸಿದ ಕನ್ನಡಿಗರಿಗೆ ಈ ಎರಡು ಸಾಕ್ಷಿಗಳೂ ಕೈಕೊಡುತ್ತವೆ. ಅಲ್ಲಿ ಮಾರ್ಚಿನಲ್ಲಿ ಮರಗಳೆಲ್ಲ ಬೋಳು, ರಸ್ತೆ ಬದಿಯಲ್ಲಿ ಹೊಗೆಯ ಮಸಿ ಹಿಡಿದ ಹಿಮದ ಗುಡ್ಡೆ, ಬಾಗಿಲಲ್ಲಿ ಉಪ್ಪು ಮೆತ್ತಿದ ಬೂಟು. ಆದರೂ ವಸಂತ ಬಂದೇ ಬರುತ್ತದೆ, ಅದೂ ನಿಮಿಷ ತಪ್ಪದಂತೆ: ಮಾರ್ಚ್ ತಿಂಗಳ ಎರಡನೆಯ ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ. ತರುವವನು ಸೂರ್ಯನಲ್ಲ, ಕಾಂಗ್ರೆಸ್ಸು. ನಮ್ಮದಲ್ಲ, ವಾಷಿಂಗ್ಟನ್ನಿನದು. 2005ರಲ್ಲಿ ಅದು ಮಾಡಿದ ಕಾನೂನಿನ ಪ್ರಕಾರ 2007ರಿಂದ ಗಡಿಯಾರ ಆ ಹೊತ್ತಿಗೆ ಎರಡರಿಂದ ನೆಟ್ಟಗೆ ಮೂರಕ್ಕೆ ನೆಗೆಯುತ್ತದೆ. ಅದಕ್ಕೂ ಮೊದಲು ಈ ನೆಗೆತ ಏಪ್ರಿಲ್ ಮೊದಲ ಭಾನುವಾರ ಇತ್ತು. ಋತುವನ್ನೇ ಮೂರ್ನಾಲ್ಕು ವಾರ ಮುಂಚಿತವಾಗಿ ಹಾಜರಾಗುವಂತೆ ಮಾಡುವ ಧೈರ್ಯ ಋಷಿಮುನಿಗಳಿಗೂ ಇರಲಿಲ್ಲ.

ಪುರಾವೆ ಮನೆಯಿಂದಲೇ ಶುರುಮಾಡೋಣ. ಚಳಿಗಾಲದಲ್ಲಿ ಭಾರತ ಶಿಕಾಗೊಗಿಂತ ಹನ್ನೊಂದೂವರೆ ಗಂಟೆ ಮುಂದೆ. ಮೈಸೂರಿನ ಅಜ್ಜಿಯಂದಿರ ಬಳಿ ಇದಕ್ಕೊಂದು ಸುಲಭ ಸೂತ್ರವಿರುತ್ತದೆ: ಇಲ್ಲಿನ ಹೊತ್ತಿಗೆ ಅರ್ಧ ಗಂಟೆ ಕೂಡಿಸು, ರಾತ್ರಿಯನ್ನು ಬೆಳಗ್ಗೆ ಮಾಡು. ಇಲ್ಲಿ ರಾತ್ರಿ ಎಂಟಾದರೆ ಅಲ್ಲಿ ಬೆಳಗ್ಗೆ ಎಂಟೂವರೆ. ನವೆಂಬರಿನಿಂದ ನಾಲ್ಕು ತಿಂಗಳು ಈ ಸೂತ್ರ ಹುಸಿಹೋಗುವುದಿಲ್ಲ. ಆ ಭಾನುವಾರದಿಂದಾಚೆ ಕೂಡಿಸಬೇಕಾದದ್ದು ಒಂದೂವರೆ ಗಂಟೆ. ಮೊಮ್ಮಗಳ ತಿಂಡಿಯ ಹೊತ್ತಿಗೆ ಬರುತ್ತಿದ್ದ ಫೋನು ಮಗನ ಮೀಟಿಂಗಿನ ನಡುವೆ ಬರುತ್ತದೆ. "ಯಾಕೋ ಎತ್ತಲಿಲ್ಲ?" "ಅಮ್ಮಾ, ಇಲ್ಲಿ ಟೈಮ್ ಬದಲಾಯ್ತು." "ನೆನ್ನೆ ಚೆನ್ನಾಗೇ ಇತ್ತಲ್ಲೋ!" ಈ ಸಂಭಾಷಣೆ ನಡೆಯದ ಹೊರನಾಡ ಮನೆ ಇದ್ದರೆ ಅಲ್ಲಿ ವಸಂತ ಬಂದಿಲ್ಲ ಎಂದೇ ತಿಳಿಯಬೇಕು. ಫೋನು ತಾನೇ ಸಮಯ ಬದಲಿಸಿಕೊಳ್ಳುತ್ತದೆ, ಇದೇನು ದೊಡ್ಡ ವಿಷಯ ಎನ್ನುವವರು ಅಡುಗೆಮನೆಯ ಓವನ್ನನ್ನು ಮರೆತಿದ್ದಾರೆ. ಅದರ ಗಡಿಯಾರ ತಿದ್ದುವ ವಿಧಾನ ಇರುವುದು ಮನೆ ಕೊಂಡ ದಿನವೇ ಕಳೆದುಹೋದ ಪುಸ್ತಿಕೆಯಲ್ಲಿ. ಹಾಗಾಗಿ ಅದು ನವೆಂಬರಿನಲ್ಲಿ ಊರಿನ ಗಡಿಯಾರ ಮತ್ತೆ ಹಿಂದೆ ಸರಿಯುವವರೆಗೆ ಒಂದು ಗಂಟೆ ಹಿಂದೆಯೇ ಉಳಿದು, ಆಮೇಲೆ ಯಾರ ಹಂಗೂ ಇಲ್ಲದೆ ಸರಿಯಾಗುತ್ತದೆ. ಗಂಡ ಓವನ್ ನೋಡಿ, ಹೆಂಡತಿ ಫೋನ್ ನೋಡಿ ಹೊರಟ ದಿನ ಕಾರಿನಲ್ಲಿ ನಡೆಯುವ ಚರ್ಚೆಯನ್ನು ಇಲ್ಲಿ ಬಣ್ಣಿಸುವುದು ಬೇಡ.

ಕಚೇರಿಯ ಪುರಾವೆ ಇನ್ನೂ ಗಟ್ಟಿ, ಏಕೆಂದರೆ ಅದು ಬೆಂಗಳೂರಿನವರೆಗೆ ಮುಟ್ಟುತ್ತದೆ. ಶಿಕಾಗೊದಲ್ಲಿ ಬೆಳಗ್ಗೆ ಎಂಟಕ್ಕೆ ಸೇರುವ ಮೀಟಿಂಗು ಚಳಿಗಾಲದಲ್ಲಿ ಬೆಂಗಳೂರಿಗೆ ಸಂಜೆ ಏಳೂವರೆಯದು, ಮಾರ್ಚಿನ ನಂತರ ಆರೂವರೆಯದು. ಅಲ್ಲಿನ ಸಹೋದ್ಯೋಗಿಗೆ ಒಂದು ಗಂಟೆ ಉಳಿಯಿತಲ್ಲ ಎಂದು ಸಂತೋಷಪಡುವವರು ಔಟರ್ ರಿಂಗ್ ರೋಡ್ ಕಂಡವರಲ್ಲ. ಬೇಗ ಮುಗಿದ ಮೀಟಿಂಗು ಅವನನ್ನು ಸರಿಯಾಗಿ ಸಿಲ್ಕ್ ಬೋರ್ಡಿನ ನಟ್ಟನಡುವಿಗೆ ತಂದು ನಿಲ್ಲಿಸುತ್ತದೆ. ಗಡಿಯಾರ ಮುಟ್ಟದ ದೇಶದಲ್ಲಿದ್ದೂ ಗಡಿಯಾರದ ಶಿಕ್ಷೆ ಅನುಭವಿಸುವವನು ಅವನೊಬ್ಬನೇ.

ಇನ್ನು ಚರ್ಚು. ಈ ಒಂದು ಗಂಟೆಯನ್ನು ಕಾಂಗ್ರೆಸ್ಸು ಯಾರ ಖಾತೆಯಿಂದ ತೆಗೆದಿದೆ ನೋಡಿ. ಸೋಮವಾರದ ಕಚೇರಿಯಿಂದ ತೆಗೆದಿದ್ದರೆ ಕಂಪನಿಗಳು ಸುಮ್ಮನಿರುತ್ತಿದ್ದವೇ? ಭಾನುವಾರ ಬೆಳಗಿನ ಪೂಜೆಯಿಂದ ತೆಗೆದರೆ ಪಾದ್ರಿಗಳು ಹೆಚ್ಚೆಂದರೆ ಪ್ರಾರ್ಥಿಸಬಹುದು. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮಾರ್ಚ್ 21ರಂದು ಅಥವಾ ಅದರಾಚೆ ಬರುವ, ಚರ್ಚಿನ ಲೆಕ್ಕದ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಬೀಳಲೇಬೇಕು. ಅದಕ್ಕೂ 46 ದಿನ ಮೊದಲು ವಿಭೂತಿ ಬುಧವಾರ, ಅಲ್ಲಿಂದ ಈಸ್ಟರಿನವರೆಗೆ ತಪಸ್ಸು ಕಾಲ. ಬೇಕಾದರೆ ಲೆಕ್ಕ ಹಾಕಿ: ಗಡಿಯಾರ ನೆಗೆಯುವ ಭಾನುವಾರ ಯಾವ ವರ್ಷವೂ ತಪಸ್ಸು ಕಾಲದಿಂದ ಹೊರಗೆ ಬೀಳುವುದಿಲ್ಲ. ಸಿಹಿ ಬಿಡಲೋ ಕಾಫಿ ಬಿಡಲೋ ಎಂದು ಮೀನಮೇಷ ಎಣಿಸುವ ಕನ್ನಡ ಕ್ರೈಸ್ತ ಕುಟುಂಬಗಳಿಗೆ ಸರ್ಕಾರವೇ ಒಂದು ಗಂಟೆ ನಿದ್ದೆ ಬಿಡಿಸಿ ಪುಣ್ಯ ಕಟ್ಟಿಕೊಳ್ಳುತ್ತದೆ. ಹಾಗಾದರೆ ಹೊಸ ಋತುವಿಗೆ ವಿಭೂತಿ ಬುಧವಾರವನ್ನೇ ಲೆಕ್ಕ ಹಿಡಿಯಬಾರದೇಕೆ? ಸಾಮಾನ್ಯವಾಗಿ ಅದು ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಬರುತ್ತದೆ. ಅದರಿಂದ ಕನ್ನಡಿಗರಿಗೆ, ಜಾತಿಮತ ಭೇದವಿಲ್ಲದೆ, ಒಂದೇ ಲಾಭ: ಅಂದು ಹಣೆಗೆ ವಿಭೂತಿ ಇಟ್ಟುಕೊಂಡು ರೈಲು ಹತ್ತಿದರೆ "ಹಣೆಗೇನೋ ಅಂಟಿದೆ" ಎಂದು ಯಾರೂ ಕರವಸ್ತ್ರ ಚಾಚುವುದಿಲ್ಲ.

ಯುಗಾದಿಯನ್ನು ಕಡೆಗಣಿಸಿದ್ದೀರಿ ಎಂಬ ಆಕ್ಷೇಪ ಬಂದೇ ಬರುತ್ತದೆ. ಯುಗಾದಿ ಎಂದರೆ ಯಾವುದು? 2025ರಲ್ಲಿ ಬೆಂಗಳೂರಿಗೆ ಮಾರ್ಚ್ 30. ಶಿಕಾಗೊದಲ್ಲಿ 29ರ ಸೂರ್ಯೋದಯಕ್ಕೆ ಮೊದಲೇ ಅಮಾವಾಸ್ಯೆ ಮುಗಿದಿತ್ತು, ಆದ್ದರಿಂದ ಅಲ್ಲಿಯ ಲೆಕ್ಕಕ್ಕೆ ಒಂದು ದಿನ ಮುಂಚೆ. ಅದು ಮನೆಯ ಮಾತಾಯಿತು. ಸಾರ್ವಜನಿಕ ಯುಗಾದಿಯ ತಿಥಿ ನಿಶ್ಚಯಿಸುವುದು ಚಂದ್ರನಲ್ಲ, ಹಾಲಿನ ಬಾಡಿಗೆ. ಶಾಲೆಯ ಸಭಾಂಗಣ ಸಿಗದೆ ಚರ್ಚಿನ ಹಾಲಿಗೆ ಹೋದರೆ ತಪಸ್ಸು ಕಾಲದ ಶುಕ್ರವಾರಗಳಂದು ಅಲ್ಲಿ ಮೀನು ಕರಿಯುತ್ತಿರುತ್ತಾರೆ. ಕೊನೆಗೆ ಏಪ್ರಿಲಿನ ಯಾವುದೋ ಶನಿವಾರ ಒಣಗಿದ ಬೇವಿನ ಪುಡಿಯಲ್ಲಿ ಸಂವತ್ಸರ ಉದಯಿಸುತ್ತದೆ. ಮಾರ್ಚ್ 20ರ ವಿಷುವತ್ತನ್ನು ಮುಂದೊಡ್ಡುವ ವಿಜ್ಞಾನಿಗಳಿಗೆ 2019ರ ಗರಿಗಳ ಭಾನುವಾರವನ್ನು ನೆನಪಿಸಿದರೆ ಸಾಕು: ಏಪ್ರಿಲ್ 14ರ ಆ ದಿನ ಶಿಕಾಗೊ ವಿಮಾನ ನಿಲ್ದಾಣದಲ್ಲಿ ಐದಿಂಚಿಗೂ ಮಿಕ್ಕು ಹಿಮ ಬಿತ್ತು. ಫೆಬ್ರವರಿ 2ರಂದು ಬಿಲದಿಂದ ಹೆಗ್ಗಣದಂಥ ಪ್ರಾಣಿಯೊಂದನ್ನು ಎತ್ತಿ ಅದರ ನೆರಳು ನೋಡಿ ಋತು ನಿರ್ಣಯಿಸುವ ಅಮೆರಿಕನ್ನರ ಬಗ್ಗೆ, ಹಲ್ಲಿ ಶಕುನ ನಂಬುವ ನಾವು ಏನೂ ಹೇಳದಿರುವುದು ಲೇಸು.

ಗಟ್ಟಿಯಾದ ಆಕ್ಷೇಪ ಅರಿಜೋನಾದವರದು. ಆ ರಾಜ್ಯದ ಬಹುಭಾಗ ಗಡಿಯಾರ ಮುಟ್ಟುವುದೇ ಇಲ್ಲ. ಫೀನಿಕ್ಸ್ ಕನ್ನಡಿಗರಿಗೆ ವಸಂತವೇ ಇಲ್ಲವೇ? ಇಲ್ಲ. ಚಳಿಗಾಲವನ್ನೇ ಕಾಣದವರಿಗೆ ಅದರ ಹಕ್ಕೂ ಇಲ್ಲ.

ಆದ್ದರಿಂದ ಕ್ಯಾಲೆಂಡರ್ ಅಚ್ಚುಹಾಕಿಸುವ ಕನ್ನಡ ಕೂಟಗಳಲ್ಲಿ ಒಂದು ವಿನಂತಿ. ಸಂಕಷ್ಟಿ, ಏಕಾದಶಿ, ಗುಡ್ ಫ್ರೈಡೆಗಳ ಸಾಲಿನಲ್ಲಿ ಈ ಭಾನುವಾರವನ್ನೂ ಕೆಂಪಕ್ಷರದಲ್ಲಿ ಹಾಕಿಸಿ, ಊರಿಗೂ ಒಂದೊಂದು ಪ್ರತಿ ಕಳಿಸಿ. 2027ರಲ್ಲಿ ಅದು ಮಾರ್ಚ್ 14.