ಸೋಲೋ ಕಾಕಾ

ಸೋಲೋ ಕಾಕಾರ ಎದುರಿಗೆ ಚಹಾದ ಬಸಿ ಇಡಬಾರದು. ಇಟ್ಟರೆ ಅದು ಏರುತ್ತದೆ.

ಬೀಳಗಿ ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದವರೆಂದರೆ ಜಮಖಂಡಿ ಬಸ್ಸು ತಪ್ಪಿಸಿಕೊಂಡು ಬಂದು ಕೂತ ಪರ ಊರಿನವರು. ಪಾಪ, ಅವರು ಬಸಿಗೆ ಚಹಾ ಸುರುವಿಕೊಂಡು ಊದುತ್ತಿರುತ್ತಾರೆ. ಕಾಕಾ ಪಕ್ಕಕ್ಕೆ ಸರಿದು ಕೂಡುತ್ತಾರೆ, ಮುಗಿಲು ನೋಡುತ್ತಾರೆ, "ಇವತ್ತ ಗಾಳಿ ಛಲೋ ಐತಿ" ಎನ್ನುತ್ತಾರೆ. ಪರ ಊರಿನವನು ಮರ್ಯಾದೆಗೆ "ಹೌದ್ರಿ" ಅಂದನೋ, ಮುಗಿಯಿತು. ಮುಂದಿನ ಬಸ್ಸೂ ತಪ್ಪಿತೆಂದೇ ಲೆಕ್ಕ.

ನಮ್ಮ ಕಡೆ ಒಮ್ಮೆ ಮಾಡಿದವರ ಒಂದು ಜಾತಿಯೇ ಇದೆ. ಒಮ್ಮೆ ರಾಜಕುಮಾರರ ಕೈ ಕುಲುಕಿದವರು, ಎದೆಯ ಅಳತೆ ಅರ್ಧ ಇಂಚು ಕಡಿಮೆ ಬಿದ್ದು ಫೌಜದಾರಿಕೆ ತಪ್ಪಿದವರು, ಮುಂಬಯಿಯಲ್ಲಿ ಒಂದು ತಿಂಗಳಿದ್ದು ಇವತ್ತಿಗೂ ದಾರಿ ಹೇಳುವಾಗ ದಾದರಿನಿಂದ ಶುರುಮಾಡುವವರು. ಊರಿಗೆ ಒಬ್ಬರಾದರೂ ಸಿಗುತ್ತಾರೆ. ನಮ್ಮ ಕಾಕಾ ಈ ಜಾತಿಯಲ್ಲೇ ಸ್ವಲ್ಪ ಮೇಲಿನವರು, ಸಾವಿರ ಅಡಿಯಷ್ಟು ಮೇಲಿನವರು. 1978ರಲ್ಲಿ ಪುಣೆಯಲ್ಲಿ ಗ್ಲೈಡರ್ ಹಾರಿಸಿದ್ದರು. ಒಬ್ಬರೇ ಹಾರಿಸಿದ್ದರು. ಅದಕ್ಕೆ ಸೋಲೋ ಅನ್ನುತ್ತಾರೆ. ಆ ಶಬ್ದ ಮೊದಮೊದಲು ನಮ್ಮ ಊರಿನ ಕಿವಿಗೆ ಬೇರೆಯೇ ಕೇಳಿತ್ತಂತೆ. "ಸೋತದ್ದಕ್ಕ ಇಷ್ಟ್ಯಾಕ ಹಿಗ್ಗತೀರಿ?" ಎಂದು ಹಿರಿಯರೊಬ್ಬರು ಕೇಳಿದ್ದು ಇಂದಿಗೂ ಚಾಲ್ತಿಯಲ್ಲಿದೆ.

ಹಡಪಸರದಲ್ಲಿ ಅವರ ಅಕ್ಕನ ಮನೆ. ಓದಲಿಕ್ಕೆಂದು ಹೋಗಿದ್ದರು. ಅಲ್ಲೇ ಹತ್ತಿರದಲ್ಲಿ ಸರಕಾರದ ಗ್ಲೈಡಿಂಗ್ ಕೇಂದ್ರ. ಓದು ಏನಾಯಿತು ಎಂದು ಯಾರೂ ಕೇಳಿಲ್ಲ, ಅವರೂ ಹೇಳಿಲ್ಲ.

ಕಥೆ ಪ್ರತಿಸಲವೂ ಸಾಮಾನು ಜೋಡಿಸುವುದರಿಂದ ಶುರುವಾಗುತ್ತದೆ. ಬಸಿ ಎಂದರೆ ಗ್ಲೈಡರ್. ಮೇಜಿನ ಆ ತುದಿಗಿಟ್ಟ ಕಡ್ಡಿಪೆಟ್ಟಿಗೆ ಎಂದರೆ ವಿಂಚು. ಭಜಿ ಕಟ್ಟಿದ ಪೊಟ್ಟಣದ ದಾರ ಎಂದರೆ ಉಕ್ಕಿನ ತಂತಿ. "ಬಾವಿ ರಾಟಿ ನೋಡೀರಲ್ಲ, ಅದಕ್ಕ ಲಾರಿ ಇಂಜಿನ್ ಹಚ್ಚಿದಂಗ ತಿಳೀರಿ. ಒಂದು ಕಿಲೋಮೀಟರ್ ತಂತಿ. ಆ ತುದ್ಯಾಗ ಅದು ಗರಗರ ಸುತ್ತತೈತಿ, ಈ ತುದ್ಯಾಗ ನಾವು ಗಾಳಿಪಟ ಎದ್ದಂಗ ಏಳತೀವಿ." ಇಷ್ಟು ಹೇಳಿ ಕಾಕಾ ದಾರ ಎಳೆಯುತ್ತಾರೆ, ಬಸಿ ಮೂತಿ ಮೇಲೆ ಮಾಡಿ ಏರುತ್ತದೆ, ಒಳಗಿದ್ದ ಚಹಾ ಕೇಳುವವರ ತೊಡೆಯ ಮೇಲೆ ಇಳಿಯುತ್ತದೆ. ಅರ್ಧ ನಿಮಿಷದಲ್ಲಿ ಸಾವಿರ ಅಡಿ, "ಆರು ಗೋಳಗುಮ್ಮಟ, ಒಂದರ ಮ್ಯಾಲೊಂದು." ಲೆಕ್ಕ ಹಾಕಿ ನೋಡಿದ್ದೇನೆ, ಗುಮ್ಮಟ 51 ಮೀಟರು, ಸರಿಯೇ ಇದೆ. ಕಾಕಾರ ತೊಂದರೆ ಇದೇ ನೋಡಿ, ಸುಳ್ಳಿನ ನಡುವೆ ಇಂಥ ನಿಜ ಸೇರಿಸಿಬಿಡುತ್ತಾರೆ.

ಅವರು ಹಾರಿಸಿದ್ದು ರೋಹಿಣಿ ಎಂಬ ಗ್ಲೈಡರ್. ನಮ್ಮ ದೇಶದವರೇ ಮಾಡಿದ್ದು, 1961ರಲ್ಲಿ ಮೊದಲು ಹಾರಿದ್ದು. ಗುರುವೂ ಶಿಷ್ಯನೂ ಹೊಸ ಮದುಮಕ್ಕಳ ಹಾಗೆ ಅಕ್ಕಪಕ್ಕ ಕೂಡಬೇಕು. ಮೈಯೆಲ್ಲ ಕಟ್ಟಿಗೆ, ರೆಕ್ಕೆಗೆ ಅರಿವೆ. ಒಮ್ಮೆ ಬನಹಟ್ಟಿಯ ನೇಕಾರರೊಬ್ಬರು ಅಂಗಡಿಯಲ್ಲಿ ಸಿಕ್ಕಿದ್ದರು. ಹಾರಾಟದ ಕಥೆಯಷ್ಟೂ ಅವರ ತಲೆಯ ಮೇಲಿಂದ ಹೋಯಿತು, ಅರಿವೆ ಅಂದಕೂಡಲೇ ಕಿವಿ ನೆಟ್ಟಗಾದವು. "ಎಷ್ಟನೇ ಕೌಂಟಿನ ನೂಲ್ರಿ?" ಕಾಕಾ ತಡವರಿಸಿದರು. ಅರಿವೆಯ ಮೇಲೆ ಡೋಪ್ ಎಂಬುದನ್ನು ಬಳಿಯುತ್ತಾರೆ, ಒಣಗಿದರೆ ಹಲಗೆಯ ಚರ್ಮದಂತೆ ಬಿಗಿಯುತ್ತದೆ ಎಂದು ಸಾವರಿಸಿಕೊಂಡರು. "ಅಂದ್ರ ಗಂಜಿ" ಎಂದು ನೇಕಾರರು ವಿಷಯ ಮುಗಿಸಿ ಎದ್ದುಹೋದರು. ಅಷ್ಟು ಸಣ್ಣ ಮಾತಿನಲ್ಲಿ ಕಾಕಾರನ್ನು ಕೆಳಗಿಳಿಸಿದವರು ಅವರೊಬ್ಬರೇ.

ನನ್ನ ಮಟ್ಟಿಗೆ ಕಥೆಯ ಒಳ್ಳೆಯ ಭಾಗ ಹಾರಾಟವಲ್ಲ, ಹಾರುವ ಮುಂಚಿನ ದಿನ. ನಸುಕಿನಲ್ಲಿ ಎದ್ದು ಸೈಕಲ್ ತುಳಿದು ಹೋಗಬೇಕು. ಹೋದಕೂಡಲೇ ಶೆಡ್ಡಿನಿಂದ ಗ್ಲೈಡರನ್ನು ಹೊರಗೆ ತಳ್ಳಬೇಕು. ಹತ್ತು ಹನ್ನೆರಡು ಹುಡುಗರು, ಗ್ಲೈಡರ್ ಒಂದು. ಒಬ್ಬ ಹಾರುವಾಗ ಒಬ್ಬ ರೆಕ್ಕೆಯ ತುದಿ ಹಿಡಿದು ನಿಲ್ಲಬೇಕು. ಅದಕ್ಕಿರುವುದು ಒಂದೇ ಗಾಲಿ, ಯಾರೂ ಹಿಡಿಯದಿದ್ದರೆ ಮಲಗಿದ ಎಮ್ಮೆಯ ಹಾಗೆ ಒಂದು ಮಗ್ಗುಲಿಗೆ ವಾಲುತ್ತದೆ. ತಂತಿ ಬಿಗಿಯಾಯಿತೆಂದರೆ ತುದಿ ಹಿಡಿದವನೂ ನಾಲ್ಕು ಹೆಜ್ಜೆ ಓಡಬೇಕು. ಗ್ಲೈಡರ್ ಇಳಿದಲ್ಲಿಗೆ ಮತ್ತೆ ಎಲ್ಲರೂ ನಡೆದು ಹೋಗಿ ತಳ್ಳಿಕೊಂಡು ಬರಬೇಕು. ಬಿಸಿಲು ನೆತ್ತಿಗೇರುವ ತನಕ ಇದೇ. ಮೇಲೆ ಇರುವುದು ಐದು ನಿಮಿಷ, ಕೆಳಗೆ ದುಡಿಯುವುದು ಐದು ತಾಸು. "ಲಗ್ನದ ಮನೀ ಇದ್ದಂಗೋ ತಮ್ಮಾ" ಎನ್ನುತ್ತಾರೆ ಕಾಕಾ, "ದುಡಿಯಾವ್ರು ಊರ ಮಂದಿ, ಬಾಸಿಂಗ ಒಬ್ಬಗ."

ಆಮೇಲೆ ಒಂದು ದಿನ ಬಾಸಿಂಗ ಅವರಿಗೆ ಬಂತು. ಅವತ್ತು ಎರಡು ಸಲ ಜೊತೆಗೆ ಹಾರಿಸಿದ ಮೇಷ್ಟ್ರು ಮೂರನೆಯ ಸಲಕ್ಕೆ ಏನೂ ಹೇಳದೆ ಇಳಿದುಬಿಟ್ಟರು. ಇಳಿದು, ತಾವು ಕೂತಿದ್ದ ಸೀಟಿನ ಪಟ್ಟಿಗಳನ್ನು ಖಾಲಿ ಸೀಟಿಗೇ ಬಿಗಿದು ಕಟ್ಟಿದರು. ಸಡಿಲ ಬಿಟ್ಟರೆ ಹಾರುವಾಗ ಸಿಕ್ಕಿಹಾಕಿಕೊಂಡು ಗ್ಲೈಡರ್ ತಿರುಗಿಸುವ ಕಡ್ಡಿ ಆಡುವುದಿಲ್ಲವಂತೆ. ಇದನ್ನು ಹೇಳುವಾಗ ಕಾಕಾ ಹೆಗಲ ಮೇಲಿನ ಟಾವೆಲ್ ತೆಗೆದು, ಪಕ್ಕದ ಖಾಲಿ ಕುರ್ಚಿಗೆ ಸುತ್ತಿ, ಗಂಟು ಹಾಕಿ, ಗಂಟನ್ನೊಮ್ಮೆ ಜಗ್ಗಿ ನೋಡುತ್ತಾರೆ. ಆ ಹೊತ್ತಿನಲ್ಲಿ ಮಾತ್ರ ಅಂಗಡಿಯಲ್ಲಿ ಯಾರೂ ನಗುವುದಿಲ್ಲ.

"ಮ್ಯಾಲ ತಂತಿ ಹುಕ್ಕ ಬಿಟ್ಟೆ. ಟಪ್ ಅಂತು. ಆಮ್ಯಾಲ ಸುಮ್ಮ್. ಗಾಳಿ ಸುಂಯ್ ಅನ್ನೂದ ಬಿಟ್ಟ್ರ ಏನೂ ಇಲ್ಲ. ಮಗ್ಗುಲ ನೋಡಿದ್ರ ಮಾಸ್ತರ ಇಲ್ಲ!" ಮೇಷ್ಟ್ರ ತೂಕ ಇಳಿದದ್ದಕ್ಕೆ ಗ್ಲೈಡರ್ ಎಂದಿಗಿಂತ ಸರಸರ ಏರಿತ್ತಂತೆ. "ಗುರು ಇಳದಾಗನ ಶಿಷ್ಯಾ ಏರತಾನ" ಎಂಬುದು ಅವರ ಸ್ವಂತ ಗಾದೆ. ಊರಿನ ಶಾಲೆಯೊಂದರಲ್ಲಿ ಶಿಕ್ಷಕರ ದಿನದಂದು ಭಾಷಣದಲ್ಲಿ ಇದನ್ನೇ ಹೇಳಿದ್ದಕ್ಕೆ ಮುಂದಿನ ವರ್ಷದಿಂದ ಅಲ್ಲಿಗೆ ಕರೆ ನಿಂತಿತು.

ಎಷ್ಟು ಹೊತ್ತು ಮೇಲಿದ್ದರು? ಇದಕ್ಕೆ ಉತ್ತರ ಕಾಲಕಾಲಕ್ಕೆ ಬದಲಾಗಿದೆ. ನಾನು ಚಿಕ್ಕವನಿದ್ದಾಗ ಐದು ನಿಮಿಷ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದಾಗ ಹತ್ತಾಯಿತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ನಮ್ಮ ಹೊಲಗಳ ಕಡೆ ಬಂದಹಾಗೆ ಅದೂ ಏರುತ್ತ ಈಗ ನಲವತ್ತಕ್ಕೆ ನಿಂತಿದೆ. ಆಲಮಟ್ಟಿಯ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸುವುದು ಕೋರ್ಟು ಕಚೇರಿಗಳ ನಡುವೆ ನಿಂತಿದೆ; ಕಾಕಾರ ಮಟ್ಟಕ್ಕೆ ನೆರೆಯ ರಾಜ್ಯದ ತಕರಾರೂ ಇಲ್ಲ.

ಯಾರಾದರೂ ಅನುಮಾನಪಟ್ಟರೆ ಕೆನಡಾದಿಂದ ಸಾಕ್ಷಿ ತರಿಸುತ್ತಾರೆ. 1983ರ ಜುಲೈಯಲ್ಲಿ ಅಲ್ಲೊಂದು ದೊಡ್ಡ ಬೋಯಿಂಗ್ ವಿಮಾನದ ಎಣ್ಣೆ ನಲವತ್ತೊಂದು ಸಾವಿರ ಅಡಿ ಎತ್ತರದಲ್ಲಿ ತೀರಿತು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಗ್ಲೈಡರ್ ಹಾರಿಸಿ ಗೊತ್ತಿದ್ದವರು. ಅಷ್ಟು ದೊಡ್ಡ ವಿಮಾನವನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ರನ್‌ವೇ ಮೇಲೆ ಇಳಿಸಿದರು, ಎಲ್ಲರೂ ಉಳಿದರು. ಎಣ್ಣೆ ತೀರಿದ್ದು ಯಾಕೆ? ತುಂಬುವಾಗ ಕಿಲೋ ಎಂದು ತಿಳಿದು ಪೌಂಡಿನ ಲೆಕ್ಕದಲ್ಲಿ ತುಂಬಿದ್ದರು. ಇಲ್ಲಿಗೆ ಬಂದಾಗ ಅಂಗಡಿಯ ಕಬ್ಬಿನ ರೈತರೆಲ್ಲ ಒಂದೇ ಸಲ ತಲೆ ಅಲ್ಲಾಡಿಸುತ್ತಾರೆ. "ಅಲ್ಲೂ ಕಾಟಾದಾಗ ಹೊಡೀತಾರೇನ್ರಿ!" ಮುಂದಿನ ಅರ್ಧ ತಾಸು ಕಬ್ಬು ತೂಗುವ ಕಾಟಾದ ಮಾತು, ಬೋಯಿಂಗ್ ಅಲ್ಲೇ ಮುಗಿಲಲ್ಲಿ ನಿಂತಿರುತ್ತದೆ.

ಚಳಿಗಾಲದಲ್ಲಿ ಕಬ್ಬು ಕಡಿದ ಹೊಲಗಳಲ್ಲಿ ರವದಿಗೆ ಬೆಂಕಿ ಇಡುತ್ತಾರಲ್ಲ, ಆಗ ಕಾಕಾರ ಜೊತೆ ದಾರಿ ಹಿಡಿಯಬಾರದು. ಬಿಸಿಗಾಳಿ ಮೇಲೇಳುತ್ತದೆ, ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಏರುತ್ತವೆ. ಕಾಕಾ ನಡುರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ "ಥರ್ಮಲ್!" ಎಂದು ಕೂಗುತ್ತಾರೆ. ಹಿಂದಿನ ಕಬ್ಬಿನ ಟ್ರ್ಯಾಕ್ಟರಿನವನು ಕೂಗುವುದು ಬೇರೆ ಶಬ್ದ.

ಸ್ಕೂಟರಿನದೇ ಒಂದು ಕಥೆ. ರಸ್ತೆ ಸ್ವಲ್ಪ ಇಳಿಜಾರಾಯಿತೆಂದರೆ ಕಾಕಾ ಇಂಜಿನ್ ಬಂದ್ ಮಾಡುತ್ತಾರೆ. ಪೆಟ್ರೋಲ್ ಉಳಿಸಲು ಹೀಗೆ ಮಾಡುವ ಮಹನೀಯರು ಊರ ತುಂಬ ಇದ್ದಾರೆ, ಆದರೆ ಕೀಲಿ ತಿರುಗಿಸುವಾಗ "ಹುಕ್ಕ ಬಿಟ್ಟೆ" ಎನ್ನುವವರು ಇವರೊಬ್ಬರೇ. ಒಮ್ಮೆ ಅನಗವಾಡಿ ಕಡೆಯಿಂದ ಬರುವಾಗ ನಾನು ಹಿಂದೆ ಕೂತಿದ್ದೆ. ತೇಲಿದೆವು, ತೇಲಿದೆವು, ಪೆಟ್ರೋಲ್ ಬಂಕು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಂತೆವು. ಇಂಜಿನ್ ಮತ್ತೆ ಹೊತ್ತಲಿಲ್ಲ. ಕಾಕಾ ಹ್ಯಾಂಡಲ್ ಹಿಡಿದು ಸೀಟಿನ ಮೇಲೆಯೇ ಉಳಿದರು. "ಇಳದು ದಬ್ಬು. ಟ್ರೇನಿಂಗ್ ಒಳಗ ಇದೂ ಬರತೈತಿ."

ಹೋದ ದಸರೆಯ ಮುಂದೆ ಅವರ ಮನೆಯಲ್ಲಿ ಸುಣ್ಣ ಬಳಿಯುವುದಿತ್ತು. ಟ್ರಂಕು ಇಳಿಸಿಕೊಡಲು ಕಾಕು ನನ್ನನ್ನು ಕರೆದಿದ್ದರು. ಟ್ರಂಕಿನ ತಳದಲ್ಲಿ ಹಳೆಯ ಲಾಗ್‌ಬುಕ್ಕು ಸಿಕ್ಕಿತು, ಅಂಚಿಗೆ ಗೆದ್ದಲು ಮುಟ್ಟಿತ್ತು. ತಾರೀಖು, ಗ್ಲೈಡರ್, ವಿಂಚು, ನಿಮಿಷ. ಸೋಲೋ ಎಂಬಲ್ಲಿ ಮೊದಲ ಸಾಲು: ನಾಲ್ಕು ನಿಮಿಷ. ಇದು ನಿರೀಕ್ಷಿತ. ಆದರೆ ಅದರ ಕೆಳಗೆ ಇನ್ನೊಂದು ಸಾಲಿತ್ತು. ಮರುವಾರದ್ದು. ಆರು ನಿಮಿಷ. ಎದುರಿಗೆ ಕೆಂಪು ಶಾಯಿಯಲ್ಲಿ, ಮೈದಾನದ ಹೊರಗೆ ಇಳಿದಿದೆ ಎಂಬ ಷರಾ. ಆಮೇಲಿನ ಪುಟಗಳು ಖಾಲಿ.

"ಜ್ವಾಳದ ಹೊಲದಾಗ ಇಳಿಸಿದ್ರಂತ" ಎಂದರು ಕಾಕು, ಕಸಬರಿಗೆ ನಿಲ್ಲಿಸದೆ. "ಹೊಲದಾಂವ ಬಡಗಿ ತಗೊಂಡು ಬೆನ್ನ ಹತ್ತಿದ್ನಂತ. ಮದಿವ್ಯಾದ ಹೊಸದಾಗ ಒಮ್ಮೆ ಹೇಳ್ಯಾರ. ನಾ ನಕ್ಕೆ. ಮತ್ತ ಹೇಳಿಲ್ಲ."

ನಲವತ್ತು ವರ್ಷಗಳಿಂದ ಕಾಕಾ ಹೇಳುತ್ತ ಬಂದದ್ದು "ನನ್ನ ಮೊದಲನೇ ಸೋಲೋ" ಎಂದು. ಮೊದಲನೆಯದು ಅಂದಮೇಲೆ ಎರಡನೆಯದು ಇರಬೇಕಲ್ಲ ಎಂದು ಇಡೀ ತಾಲೂಕಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದೆ. ಕಡ್ಡಿಪೆಟ್ಟಿಗೆ ಇತ್ತು, ದಾರ ಇತ್ತು, ವಿಜಯಪುರದ ಕಡೆಯ ಪಾಪದ ಪ್ರಾಣಿಯೊಂದು ಸಿಕ್ಕಿತ್ತು. ಬಸಿ ಏರಿತು, ಹುಕ್ಕು ಬಿಟ್ಟಿತು, ಎಡಕ್ಕೆ ಹೊರಳಿತು. ನಾನು ಮೆತ್ತಗೆ ಕೇಳಿದೆ: "ಕಾಕಾ, ಎರಡನೇ ಸೋಲೋ ಹೆಂಗಿತ್ತರಿ?"

ಬಸಿ ಗಾಳಿಯಲ್ಲೇ ನಿಂತಿತು. ಕಾಕಾ ನನ್ನನ್ನು ನೋಡಿದರು, ಬಸಿಯನ್ನು ನೋಡಿದರು, ಮೇಜಿನ ಮೇಲೆ ಎಲ್ಲಿ ಇಳಿಸಬೇಕೆಂದು ತಿಳಿಯದವರ ಹಾಗೆ ಒಂದು ಸುತ್ತು ಹೆಚ್ಚಿಗೆ ಹಾಕಿದರು. ಆಮೇಲೆ ಅದನ್ನು ನೇರ ನನ್ನ ಮಿರ್ಚಿಯ ತಟ್ಟೆಯೊಳಗೆ ಇಳಿಸಿ, "ಚಹಾ ಆರಾಕತ್ತೈತಿ, ಕುಡಿ" ಎಂದರು.

ಬಸಿಯಲ್ಲಿ ಚಹಾ ಇರಲಿಲ್ಲ. ಅದಾಗಲೇ ವಿಜಯಪುರದವರ ಧೋತರದ ಮೇಲಿತ್ತು.