ಬೆಳಗಿನ ಜಾವದ ಮಾಷ್ಟ್ರು

ಉಡುಪಿ, ಮಂಗಳೂರು ಕಡೆಯ ಮದುವೆ ಊಟದಲ್ಲಿ ಪಕ್ಕದ ಎಲೆಯವರನ್ನು ‘ನಿಮಗೆ ಯಾವ ಬ್ಯಾಂಕು?’ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ‘ಬ್ಯಾಂಕಲ್ಲ, ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ’ ಅಂದಾಗ ಮಾತ್ರ ಅವರ ಮುಖದಲ್ಲಿ ಸಣ್ಣದೊಂದು ಅನುಕಂಪ ಹಾದುಹೋಗುತ್ತದೆ. ‘ಮನೆಯವರು?’ ಎಂಬ ಎರಡನೆಯ ಪ್ರಶ್ನೆಗೆ ‘ಬ್ಯಾಂಕು’ ಅಂದ ಕೂಡಲೇ ಸಮಾಧಾನವಾಗಿ, ಬಡಿಸುವವರನ್ನು ಕರೆದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತಾರೆ. ಅವರದೇನೂ ತಪ್ಪಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕನ್ನೂ ಶುರುಮಾಡಿದರು. 1924ರಲ್ಲಿ ಕರ್ಣಾಟಕ ಬ್ಯಾಂಕು ಬಂತು, ಮರುವರ್ಷ ಸಿಂಡಿಕೇಟು, 1931ರಲ್ಲಿ ವಿಜಯಾ. ಎಳನೀರು ಅಂಗಡಿ ಇಟ್ಟಷ್ಟು ಸಲೀಸಾಗಿ ಬ್ಯಾಂಕು ತೆರೆದ ಊರಿನಲ್ಲಿ ಕನ್ನಡ ಮಾಷ್ಟ್ರಾಗಿ ಉಳಿಯುವುದಕ್ಕೆ ಒಂದಷ್ಟು ಧೈರ್ಯ ಬೇಕಿತ್ತು ಎಂದು ನಾನು ಹೇಳಿಕೊಳ್ಳುವುದುಂಟು. ಹೆಂಡತಿ ಅದನ್ನು ಒಪ್ಪುವುದಿಲ್ಲ.

ಅವಳ ಬ್ಯಾಂಕಿಗೆ ಈಗ ಹೆಸರು ಬೇರೆ. 2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ, ಸಿಂಡಿಕೇಟು, ಕಾರ್ಪೊರೇಶನ್ನು ಮೂರೂ ಒಂದೊಂದು ದೊಡ್ಡ ಬ್ಯಾಂಕಿನ ಹೊಟ್ಟೆ ಸೇರಿದವು. ಬೋರ್ಡು, ಪಾಸ್‌ಬುಕ್ಕಿನ ಬಣ್ಣ ಬದಲಾದವು. ಕೌಂಟರಿನ ಹಿಂದೆ ಅವಳು, ಮುಂದೆ ಪೆನ್ಷನ್ನಿನವರು ಮಾತ್ರ ಹಾಗೆಯೇ ಉಳಿದರು.

ಈಗ ವಿಷಯಕ್ಕೆ ಬರುತ್ತೇನೆ. ಬ್ಯಾಂಕಿನವರ ಬದುಕಿನಲ್ಲಿ ‘ಜೈಬ್’, ‘ಕೈಬ್’ ಎಂಬ ಎರಡು ಪರೀಕ್ಷೆಗಳಿವೆ. ನಡೆಸುವುದು ಮುಂಬಯಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್. 1928ರಿಂದ ಇರುವ ಸಂಸ್ಥೆ. ಜೈಬ್‌ಗೆ ನಾಲ್ಕು ಪೇಪರು, ಒಂದೊಂದಕ್ಕೂ ನೂರು ಅಂಕ, ಎರಡು ಗಂಟೆ, ಪಾಸಿಗೆ ಐವತ್ತು. ಪಾಸಾದರೆ ಇನ್‌ಕ್ರಿಮೆಂಟು. ಬ್ಯಾಂಕಿಗೆ ಸೇರಿದ ಹೊಸತರಲ್ಲೇ ಬರೆದು ಮುಗಿಸುವವರು ಜಾಣರು. ನನ್ನವಳು ಸೇರಿದ ಹೊಸತರಲ್ಲಿ ಮದುವೆಯಾಯಿತು, ಆಮೇಲೆ ಮಗಳು, ಆಮೇಲೆ ವರ್ಗಾವಣೆ, ಆಮೇಲೆ ನನ್ನ ಅಮ್ಮನ ಕಾಯಿಲೆ. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಮ್ಯಾಕ್‌ಮಿಲನ್‌ನವರ ದಪ್ಪ ಪುಸ್ತಕಗಳು ಮನೆಗೆ ಬಂದವು. ಅವು ಬಂದ ದಿನ ನಮ್ಮ ಡೈನಿಂಗ್ ಟೇಬಲ್ಲಿನಲ್ಲಿ ಊಟ ಮಾಡುವ ಜಾಗ ಅರ್ಧವಾಯಿತು, ಇವತ್ತಿಗೂ ಪೂರ್ತಿ ವಾಪಸು ಸಿಕ್ಕಿಲ್ಲ.

ಮೊದಲು ಮಂಗಳೂರಿನಲ್ಲಿ ಭಾನುವಾರದ ಕೋಚಿಂಗಿಗೆ ಹೋದಳು. ಅಲ್ಲಿದ್ದವರೆಲ್ಲ ಇಪ್ಪತ್ತೈದರ ಆಸುಪಾಸಿನ ಪ್ರೊಬೇಷನರಿಗಳು. ಪಾಠ ಹೇಳುವ ಹುಡುಗ ಇವಳನ್ನು ‘ಮೇಡಂ, ಮೇಡಂ’ ಎಂದು ಎಷ್ಟು ಗೌರವದಿಂದ ಕರೆಯುತ್ತಿದ್ದನೆಂದರೆ ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಇವಳೂ ಕೇಳುತ್ತಿರಲಿಲ್ಲ. ಇಷ್ಟು ವರ್ಷ ಕೌಂಟರಿನಲ್ಲಿ ಕೂತವಳು ‘ಗಾರ್ನಿಷೀ ಆರ್ಡರ್ ಅಂದರೆ ಎಂತ?’ ಎಂದು ಮಕ್ಕಳ ವಯಸ್ಸಿನವರ ಎದುರು ಕೈ ಎತ್ತುವುದುಂಟೇ? ಮನೆಯಲ್ಲಿ ನಾನೇ ಹೇಳಿಕೊಡುತ್ತೇನೆ ಎಂದು ಹೊರಟೆ. ಆ ಪ್ರಸಂಗವನ್ನು ವಿವರಿಸಬೇಕಾಗಿಲ್ಲ. ಗಂಡ ಹೆಂಡತಿಗೆ ಸ್ಕೂಟರ್ ಕಲಿಸುವುದನ್ನು ನೋಡಿದವರಿಗೆ ಗೊತ್ತಾಗುತ್ತದೆ.

ಆಗ ಮಗಳು ಫೋನಿನಲ್ಲಿ ಒಂದು ಎಐ ಟ್ಯೂಟರನ್ನು ಹಾಕಿಕೊಟ್ಟಳು. ‘ಅಮ್ಮಾ, ಅದಕ್ಕೆ ಸಿಟ್ಟು ಬರುವುದಿಲ್ಲ, ಎಷ್ಟು ಸಲ ಬೇಕಾದರೂ ಕೇಳು. ಅಪ್ಪನ ಹಾಗಲ್ಲ’ ಎಂಬ ಶಿಫಾರಸಿನೊಂದಿಗೆ.

ನಮ್ಮ ಕಡೆಯ ಮಾಷ್ಟ್ರುಗಳಲ್ಲಿ ಹೊಗಳಿಕೆಯ ತುತ್ತತುದಿ ಎಂದರೆ ‘ಅಡ್ಡಿಲ್ಲ’. ಅದೂ ವರ್ಷಕ್ಕೊಮ್ಮೆ, ಮುಖ ಬೇರೆ ಕಡೆ ತಿರುಗಿಸಿ. ಈ ಹೊಸ ಮಾಷ್ಟ್ರು ಮೊದಲ ದಿನವೇ ‘ನೀವು ಕೇಳಿದ್ದು ಅತ್ಯುತ್ತಮವಾದ ಪ್ರಶ್ನೆ!’ ಅಂದಿತು. ಕೇಳಿದ್ದು ಚೆಕ್ಕಿಗೂ ಡಿಡಿಗೂ ಏನು ವ್ಯತ್ಯಾಸ ಎಂದು. ಅವಳು ಫೋನನ್ನು ಅನುಮಾನದಿಂದ ನೋಡಿದಳು. ಸಾಲ ಕೇಳಲು ಬಂದವರು ಮೊದಲು ಹೀಗೆಯೇ ಮಾತಾಡುವುದು ಎಂದು ಅವಳಿಗೆ ಅನುಭವವಿದೆ. ಆದರೆ ಎರಡು ವಾರದಲ್ಲಿ ಅಭ್ಯಾಸವಾಯಿತು, ಮೂರನೆಯ ವಾರ ನನ್ನಿಂದಲೂ ಅಂಥದೇ ಏನಾದರೂ ನಿರೀಕ್ಷಿಸತೊಡಗಿದಳು. ಸಾರು ಚೆನ್ನಾಗಿದೆ ಎಂದು ನಾನಾಗಿಯೇ ಹೇಳುವುದನ್ನು ಕಲಿತದ್ದು ಆ ಕಾಲದಲ್ಲಿ.

ಪರೀಕ್ಷೆ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ. ಪುಸ್ತಕವೂ ಹಾಗೆಯೇ. ಟ್ಯೂಟರಿಗೆ ಮಾತ್ರ ಕನ್ನಡ ಬರುತ್ತದೆ, ನಮ್ಮ ಕನ್ನಡ ಅಲ್ಲದಿದ್ದರೂ. ಅವಳು ಅದಕ್ಕೆ ಒಂದು ಷರತ್ತು ಹಾಕಿದಳು: ಉದಾಹರಣೆ ಕೊಡುವುದಾದರೆ ಮಲ್ಪೆಯದು ಕೊಡಬೇಕು, ಲಂಡನ್ನಿನದಲ್ಲ. ಹಾಗೆ ಒಂದು ದಿನ ಕ್ಲೇಟನ್ನನ ಕೇಸು ಮಲ್ಪೆಗೆ ಬಂತು.

ಕೇಸು 1816ರದು. ಲಂಡನ್ನಿನ ಬ್ಯಾಂಕೊಂದರ ಪಾಲುದಾರ ತೀರಿಕೊಂಡ, ಮರುವರ್ಷ ಬ್ಯಾಂಕು ಮುಳುಗಿತು, ಅಲ್ಲಿ ದುಡ್ಡಿಟ್ಟಿದ್ದ ಕ್ಲೇಟನ್ ಸತ್ತವನ ಆಸ್ತಿಯಿಂದ ವಸೂಲಿಗೆ ಹೊರಟ. ಮಾಷ್ಟ್ರು ಇದನ್ನು ತಿರುಗಿಸಿ ಹೀಗೆ ಹೇಳಿತು. ಮಲ್ಪೆಯಲ್ಲಿ ಇಬ್ಬರು ಪಾಲುದಾರರ ಬೋಟು. ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟು. ಒಬ್ಬರು ತೀರಿಕೊಂಡ ದಿನ ಖಾತೆಯಲ್ಲಿ ಹತ್ತು ಲಕ್ಷ ಸಾಲ. ಬ್ಯಾಂಕಿನವರು ‘ಪಾಪ, ವ್ಯವಹಾರ ನಡೆಯಲಿ’ ಎಂದು ಖಾತೆ ನಿಲ್ಲಿಸಲಿಲ್ಲ. ಉಳಿದವರು ಮೀನು ಮಾರಿ ಸ್ವಲ್ಪ ಸ್ವಲ್ಪ ಕಟ್ಟುತ್ತಾರೆ, ಡೀಸೆಲ್ಲಿಗೆ, ಮಂಜುಗಡ್ಡೆಗೆ ಸ್ವಲ್ಪ ಸ್ವಲ್ಪ ತೆಗೆಯುತ್ತಾರೆ. ಒಟ್ಟು ಹತ್ತು ಲಕ್ಷ ಕಟ್ಟಿದ್ದಾಯಿತು, ಹತ್ತು ಲಕ್ಷ ತೆಗೆದದ್ದೂ ಆಯಿತು. ಖಾತೆ ನೋಡಿದರೆ ಇನ್ನೂ ಹತ್ತು ಲಕ್ಷವೇ ಸಾಲ. ಆದರೆ ಕ್ಲೇಟನ್ನನ ನಿಯಮದಂತೆ ಮೊದಲು ಕಟ್ಟಿದ ದುಡ್ಡು ಮೊದಲಿನ ಸಾಲಕ್ಕೆ. ಹಳೆಯ ಹತ್ತು ಲಕ್ಷ ತೀರಿಹೋಯಿತು. ಈಗಿರುವುದು ಬದುಕಿದವರೊಬ್ಬರದೇ ಸಾಲ. ಸತ್ತವರ ಹೆಂಡತಿಯ ಹತ್ತಿರ ಹೋಗಿ ಒಂದು ರೂಪಾಯಿ ಕೇಳುವಂತಿಲ್ಲ. ಅದಕ್ಕೇ ಸಾವಿನ ಸುದ್ದಿ ಬಂದ ಕೂಡಲೇ ಖಾತೆ ನಿಲ್ಲಿಸಬೇಕು.

ಅವಳು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಕೂತಳು. ‘ಇಷ್ಟು ವರ್ಷ ಖಾತೆ ನಿಲ್ಲಿಸಿದ್ದೇನೆ ಮಾರಾಯ್ರೆ. ಯಾಕೆ ಅಂತ ಯಾರೂ ಹೇಳಿರಲಿಲ್ಲ. ಮ್ಯಾನೇಜರ್ ನಿಲ್ಲಿಸು ಅಂದರು, ನಿಲ್ಲಿಸಿದೆ.’

ಕೆಲಸದಲ್ಲಿರುವವರ ಓದು ಎಂದರೆ ಇದು ಎಂದು ನನಗೆ ಅವತ್ತು ಅನಿಸಿತು. ಕಾಲೇಜಿನ ಹುಡುಗರಿಗೆ ಕಾರಣ ಮೊದಲು ಗೊತ್ತಿರುತ್ತದೆ, ಕೆಲಸ ಗೊತ್ತಿರುವುದಿಲ್ಲ. ಇವಳಿಗೆ ಕೈಗೆ ಗೊತ್ತಿದ್ದದ್ದು ತಲೆಗೆ ತಲುಪಲು ಇಷ್ಟು ವರ್ಷ ಬೇಕಾಯಿತು, ತಲುಪಿಸಿದ್ದು ಒಂದು ಫೋನು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಎನ್ನಿ.

ಹೊಟ್ಟೆಕಿಚ್ಚು ತಣಿಯಲು ಹೆಚ್ಚು ದಿನ ಕಾಯಬೇಕಾಗಲಿಲ್ಲ. ಚೆಕ್ ಬೌನ್ಸಿನ ಸೆಕ್ಷನ್ 138 ಬಂತು. ಬ್ಯಾಂಕಿನಿಂದ ಮಾಹಿತಿ ಸಿಕ್ಕ ಮೇಲೆ 15 ದಿನದೊಳಗೆ ನೋಟಿಸ್ ಕೊಡಬೇಕು ಎಂದಿತು ಮಾಷ್ಟ್ರು, ಘನಗಂಭೀರವಾಗಿ. ‘ಎಂತ ಮಾರಾಯ, ಅದು ಮೂವತ್ತಲ್ಲವಾ?’ ಎಂದಳು ಇವಳು. 2002ರ ತಿದ್ದುಪಡಿಗೆ ಮೊದಲು 15 ದಿನವೇ ಇತ್ತು, ತಿದ್ದುಪಡಿಯ ಮೇಲೆ 30 ಆಯಿತು. ನೋಟಿಸ್ ತಲುಪಿದ ಮೇಲೆ ದುಡ್ಡು ಕಟ್ಟಲು ಇರುವ 15 ದಿನ ಮಾತ್ರ ಬದಲಾಗಲಿಲ್ಲ. ಹಳೆಯದೂ ಹೊಸದೂ ಸೇರಿ ಮಾಷ್ಟ್ರಿಗೆ ಗೊಂದಲವಾಗಿರಬೇಕು. ತಕ್ಷಣ ‘ನೀವು ಹೇಳಿದ್ದು ಸಂಪೂರ್ಣ ಸರಿ, ಕ್ಷಮಿಸಿ’ ಎಂದಿತು. ಇವಳಿಗೆ ಮಜ ಅನಿಸಿ, ‘ಅಲ್ಲ, ನಲವತ್ತೈದು’ ಎಂದು ಬೇಕೆಂದೇ ಸುಳ್ಳು ಹೇಳಿದಳು. ‘ಹೌದು, ನಿಮ್ಮ ಮಾತು ನಿಜ, ಕ್ಷಮಿಸಿ, ನಲವತ್ತೈದು’ ಎಂದಿತು. ಸಿಟ್ಟು ಬಾರದ ಮಾಷ್ಟ್ರಿನ ತೊಂದರೆ ಇದು. ನಮ್ಮ ಲೆಕ್ಕದ ಮಾಷ್ಟ್ರಿಗೆ ‘ಅಲ್ಲ ಸರ್’ ಎಂದು ಹೇಳಿ ನೋಡಬೇಕಿತ್ತು. ತಾವು ತಪ್ಪಿದ್ದರೂ ನಮಗೇ ಎರಡು ಬಿಗಿಯುತ್ತಿದ್ದರು. ಅಂದಿನಿಂದ ಸೆಕ್ಷನ್ ನಂಬರು, ದಿನದ ಲೆಕ್ಕ, ರಿಸರ್ವ್ ಬ್ಯಾಂಕಿನ ಸುತ್ತೋಲೆ ಇವೆಲ್ಲ ಪುಸ್ತಕದಿಂದ ಮತ್ತು ಮೂಲದಿಂದ, ‘ಯಾಕೆ’ ಎಂಬುದು ಮಾತ್ರ ಮಾಷ್ಟ್ರಿನಿಂದ ಎಂದು ಅವಳು ಖಾತೆ ವಿಂಗಡಿಸಿದಳು. ಡೆಪಾಸಿಟ್ ವಿಮೆ 1 ಲಕ್ಷದಿಂದ 5 ಲಕ್ಷವಾದದ್ದು 2020ರ ಫೆಬ್ರವರಿಯಲ್ಲಿ. ಬ್ಯಾಂಕಿನ ನಿಯಮಗಳು ಹೀಗೆ ಬದಲಾಗುತ್ತಲೇ ಇರುತ್ತವೆ. ಹಳೆಯದನ್ನು ಹೊಸದರಷ್ಟೇ ಧೈರ್ಯವಾಗಿ ಹೇಳುವವರಿಂದ, ಅವರು ಮನುಷ್ಯರಾಗಲಿ ಯಂತ್ರವಾಗಲಿ, ಸ್ವಲ್ಪ ದೂರ ಇರಬೇಕು.

ಇದರ ನಡುವೆ ಮಗಳು ಒಂದು ಅಧ್ಯಯನದ ಸುದ್ದಿ ಕಳಿಸಿದಳು, ಅಮ್ಮನಿಗಲ್ಲ, ನನಗೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿಯ ಹೈಸ್ಕೂಲಿನ ಸುಮಾರು ಸಾವಿರ ಮಕ್ಕಳಿಗೆ ಗಣಿತದ ಅಭ್ಯಾಸದಲ್ಲಿ ಎಐ ಕೊಟ್ಟು ನೋಡಿದ್ದರು, 2025ರಲ್ಲಿ ಪ್ರಕಟವಾದದ್ದು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐ ಇದ್ದವರು ಅಭ್ಯಾಸದಲ್ಲಿ ಶೇ. 48ರಷ್ಟು ಚೆನ್ನಾಗಿ ಮಾಡಿದರು. ಅದನ್ನು ಕಿತ್ತುಕೊಂಡು ಪರೀಕ್ಷೆಗೆ ಕೂರಿಸಿದಾಗ, ಎಐಯನ್ನು ಕಣ್ಣಲ್ಲೂ ಕಾಣದವರಿಗಿಂತ ಶೇ. 17ರಷ್ಟು ಕೆಳಗೆ ಬಂದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ಹಾಗೆ ಕಟ್ಟಿಹಾಕಿದ ಎಐ ಇದ್ದವರಿಗೆ ಆ ಹಾನಿ ಹೆಚ್ಚುಕಡಿಮೆ ಆಗಲೇ ಇಲ್ಲ. ನಾನು ಇದನ್ನು ಓದಿ ಹೇಳಿದೆ. ಅವಳು ಅವತ್ತೇ ಮಾಷ್ಟ್ರಿಗೆ ಹೊಸ ಷರತ್ತು ಹಾಕಿದಳು: ‘ಉತ್ತರ ಹೇಳಬೇಡ, ನನ್ನನ್ನು ಕೇಳು. ತಪ್ಪಿದರೆ ಯಾಕೆ ತಪ್ಪಿತು ಅಂತ ಮೊದಲು ನನ್ನ ಬಾಯಲ್ಲೇ ಹೇಳಿಸು.’ ನಾಲ್ಕೈದು ಪ್ರಶ್ನೆಯಾದ ಮೇಲೆ ಅದಕ್ಕೆ ಷರತ್ತು ಮರೆತು ಉಪನ್ಯಾಸ ಶುರುವಾಗುತ್ತಿತ್ತು. ಉಪನ್ಯಾಸಕರ ಜೊತೆ ಸಂಸಾರ ಮಾಡಿದವಳಿಗೆ ಅದನ್ನು ನಿಲ್ಲಿಸುವ ವಿದ್ಯೆ ತಿಳಿದಿತ್ತು.

ಆಮೇಲೆ ನಮ್ಮ ಅಡುಗೆಮನೆಯಲ್ಲಿ ಮೌಖಿಕ ಪರೀಕ್ಷೆ ನಡೆಯತೊಡಗಿತು. ‘ಕೋರ್ಟಿನಿಂದ ಗಾರ್ನಿಷೀ ಆರ್ಡರ್, ಅಂದರೆ ಸಾಲಗಾರನ ಖಾತೆಯ ದುಡ್ಡು ಹಿಡಿದಿಡಿ ಎಂಬ ಆದೇಶ, 11 ಗಂಟೆಗೆ ಬಂತು. ಮಧ್ಯಾಹ್ನ 2ಕ್ಕೆ ಅದೇ ಖಾತೆಗೆ 40,000 ರೂಪಾಯಿ ಜಮಾ ಆಯಿತು. ಅದನ್ನೂ ಹಿಡಿಯಬೇಕೆ?’ ಫೋನು ಸ್ಟೀಲ್ ಡಬ್ಬಿಗೆ ಒರಗಿಕೊಂಡು ಕೇಳುತ್ತದೆ. ‘ಇಲ್ಲ, ಆರ್ಡರ್ ಬಂದ ಹೊತ್ತಿಗೆ ಇದ್ದದ್ದು ಮಾತ್ರ’ ಎನ್ನುತ್ತಾಳೆ ಇವಳು, ತೆಂಗಿನಕಾಯಿ ತುರಿಯುತ್ತ. ‘ಸಾಲ ಗಂಡನದು, ಖಾತೆ ಗಂಡ ಹೆಂಡತಿಯ ಜಂಟಿ ಖಾತೆ. ಆರ್ಡರಿನಲ್ಲಿ ಗಂಡನ ಹೆಸರು ಮಾತ್ರ ಇದೆ. ಏನು ಮಾಡುತ್ತೀರಿ?’ ‘ಜಂಟಿ ಖಾತೆಯನ್ನು ಮುಟ್ಟುವ ಹಾಗಿಲ್ಲ.’ ಹೇಳಿ ನನ್ನ ಕಡೆ ಒಮ್ಮೆ ನೋಡಿದಳು. ನಮ್ಮದೂ ಜಂಟಿ ಖಾತೆಯೇ.

1984ರಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ಶಿಕ್ಷಣತಜ್ಞರು, ಒಬ್ಬರಿಗೊಬ್ಬರೇ ಮಾಷ್ಟ್ರು ಇದ್ದರೆ ಸಾಧಾರಣ ವಿದ್ಯಾರ್ಥಿಯೂ ತರಗತಿಯಲ್ಲಿ ಕಲಿತ ನೂರಕ್ಕೆ ತೊಂಬತ್ತೆಂಟು ಮಂದಿಯನ್ನು ಮೀರಿಸುತ್ತಾನೆ ಎಂದು ಬರೆದಿದ್ದರು. ಆಮೇಲಿನವರು ಅಳೆದಾಗ ಲಾಭ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಇರಲಿ. ಇಂಥ ಲೆಕ್ಕಗಳಲ್ಲಿ ಒಂದು ಬಾಬತ್ತು ನಮೂದಾಗಿಲ್ಲ ಎಂದು ನನ್ನ ತಕರಾರು: ಓದುವವರಿಗೆ ಓದಲು ಗಂಟೆ ಎಲ್ಲಿಂದ ಬರಬೇಕು?

ಈ ಮಾಷ್ಟ್ರನ್ನು ಅವಳು ಮೆಚ್ಚಿದ್ದು ಜಾಣತನಕ್ಕಲ್ಲ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದಿರುತ್ತದೆ ಎಂಬುದಕ್ಕೆ. ನಾಲ್ಕೂವರೆಯಿಂದ ಐದೂಮುಕ್ಕಾಲು ಅವಳದು. ಆಮೇಲೆ ಹಾಲು, ದೋಸೆ, ಬುತ್ತಿ, ಬಸ್ಸು, ಕೌಂಟರು, ಸಂಜೆಯ ಕ್ಯಾಶ್ ಟ್ಯಾಲಿ, ಮತ್ತೆ ಬಸ್ಸು. ನಮ್ಮ ಬ್ಯಾಂಕುಗಳಲ್ಲಿ ಪಾಸಾಗದೆ ಉಳಿದ ಹೆಂಗಸರಿಗೆ ತಲೆ ಸಾಲದೆ ಹಾಗಾದದ್ದಲ್ಲ, ಮಾಷ್ಟ್ರು ಸಿಗದೆಯೂ ಅಲ್ಲ. ಈ ಒಂದೂಕಾಲು ಗಂಟೆ ಸಿಗದೆ. ಅದನ್ನು ಕೊಡುವ ತಂತ್ರಾಂಶ ಇನ್ನೂ ಬಂದಿಲ್ಲ. ಗಂಡಂದಿರ ಹತ್ತಿರ ಮಾತ್ರ ಅದು ಸ್ಟಾಕಿನಲ್ಲಿದೆ.

ನಾಲ್ಕರಲ್ಲಿ ಮೂರು ಪೇಪರು ಪಾಸಾಗಿವೆ. ಅಕೌಂಟಿಂಗ್ ಉಳಿದಿದೆ, ಅದಕ್ಕೆ ಮಾಷ್ಟ್ರಿಗಿಂತ ಕ್ಯಾಲ್ಕ್ಯುಲೇಟರೇ ವಾಸಿ ಎಂಬುದು ಅವಳ ತೀರ್ಮಾನ. ನಿಮ್ಮ ಮನೆಯಲ್ಲೂ ಯಾರಾದರೂ ಜೈಬ್‌ಗೋ ಇಲಾಖಾ ಪರೀಕ್ಷೆಗೋ ಓದುತ್ತಿದ್ದರೆ ಒಳ್ಳೆಯ ಟ್ಯೂಟರ್ ಹುಡುಕಿಕೊಡಿ, ಬೇಡವೆನ್ನುವುದಿಲ್ಲ. ಜೊತೆಗೆ ರಾತ್ರಿ ದೋಸೆಹಿಟ್ಟು ರುಬ್ಬಿಡಿ, ಪಾತ್ರೆ ತೊಳೆದಿಡಿ. ಉದ್ದಿನಬೇಳೆ ಎಷ್ಟು ಹೊತ್ತು ನೆನೆಯಬೇಕು ಎಂದು ಗೊತ್ತಿಲ್ಲದಿದ್ದರೆ ಅದೇ ಟ್ಯೂಟರನ್ನು ಕೇಳಬಹುದು.