ಯೇಸು ನಗಲಿಲ್ಲವೆಂದ ಸಂತರಿಗೆ ವಿಳಿಂಜಂನಿಂದ ಒಂದು ಬಹಿರಂಗ ಪತ್ರ

ಪೂಜ್ಯ ಸಂತ ಜಾನ್ ಕ್ರಿಸೊಸ್ಟಮ್ ಅವರ ದಿವ್ಯ ಸನ್ನಿಧಿಗೆ,

ವಿಷಯ: ಯೇಸುವಿನ ನಗುವಿನ ಮೇಲೆ ತಾವು ಹೊರಡಿಸಿದ ತಡೆಯಾಜ್ಞೆ ತೆರವು ಕೋರಿ.

ಉಲ್ಲೇಖ: ಮತ್ತಾಯನ ಸುವಾರ್ತೆಯ ಮೇಲಿನ ತಮ್ಮ 6ನೇ ಪ್ರವಚನ, ಅಂತಿಯೋಕ್ಯ, ಸುಮಾರು ಕ್ರಿ.ಶ. 390.

ಕೇರಳದ ವಿಳಿಂಜಂ ಬಂದರಿನಿಂದ ಕನ್ನಡಿಗನೊಬ್ಬನ ನಮಸ್ಕಾರಗಳು. ತಾವು ದೇಶಭ್ರಷ್ಟರಾಗಿ ತೀರಿಕೊಂಡದ್ದು 407ರಲ್ಲಿ. ಪತ್ರ ಸ್ವಲ್ಪ ತಡವಾಯಿತು, ನಿಜ. ಆದರೆ ತಮ್ಮ ಆಜ್ಞೆ ಇನ್ನೂ ಜಾರಿಯಲ್ಲಿರುವುದರಿಂದ ಅರ್ಜಿಯ ಅವಧಿ ಮೀರಿತು ಎನ್ನುವ ಹಾಗಿಲ್ಲ.

ಯೇಸು ಅಳುವುದನ್ನು ಕಂಡವರಿದ್ದಾರೆ, ನಗುವುದನ್ನು ಕಂಡವರಿಲ್ಲ, ಮುಗುಳ್ನಗೆ ಕೂಡ ಇಲ್ಲ, ಸುವಾರ್ತೆ ಬರೆದವರಲ್ಲಿ ಯಾರೂ ಅಂಥದ್ದನ್ನು ಹೇಳಿಲ್ಲ. ಇದು ತಮ್ಮ ವಾದದ ಸಾರ. ಲಾಜರನ ಸಮಾಧಿಯ ಬಳಿ ಅತ್ತದ್ದು, ಜೆರುಸಲೇಮನ್ನು ನೋಡಿ ಅತ್ತದ್ದು ದಾಖಲೆಯಲ್ಲಿದೆ, ಒಪ್ಪಿದೆ. ಆದರೆ ಅದೇ ಸುವಾರ್ತಿಕರು ಯೇಸು ಸೀನಿದ್ದನ್ನೂ ಬರೆದಿಲ್ಲ, ಆಕಳಿಸಿದ್ದನ್ನೂ ಬರೆದಿಲ್ಲ, ಕಾಲಿಗೆ ಮುಳ್ಳು ಚುಚ್ಚಿದಾಗ ‘ಅಮ್ಮಾ’ ಎಂದದ್ದನ್ನೂ ಬರೆದಿಲ್ಲ. ಕಡತದಲ್ಲಿ ಇಲ್ಲದ್ದು ಲೋಕದಲ್ಲೂ ನಡೆದಿಲ್ಲ ಎನ್ನುವುದು ನಮ್ಮ ಕಡೆ ಗುಮಾಸ್ತರ ನ್ಯಾಯ. ಸಂತರಿಗೆ ಅದು ಹೇಗೆ ಹಿಡಿಸಿತೋ!

ತಮ್ಮ ಹಿಂದೆ ಬಂದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಧ್ಯಯುಗದಲ್ಲಿ ಯಾರೋ ಪುಣ್ಯಾತ್ಮರು ಲೆಂಟುಲಸ್ ಎಂಬ ರೋಮನ್ ಅಧಿಕಾರಿಯ ಹೆಸರಿನಲ್ಲಿ ಒಂದು ಕಾಗದವನ್ನೇ ಸೃಷ್ಟಿ ಮಾಡಿದರು. ಯೇಸುವಿನ ಕೂದಲು ಹೀಗಿತ್ತು, ಗಡ್ಡ ಹೀಗಿತ್ತು ಎಂದೆಲ್ಲ ವರ್ಣಿಸಿ, ನಕ್ಕದ್ದನ್ನು ಕಂಡವರಿಲ್ಲ ಎಂದು ಷರಾ ಬರೆದರು. ಖೊಟ್ಟಿ ದಾಖಲೆಯಲ್ಲೂ ಆ ಷರಾ ಮರೆಯಲಿಲ್ಲ ನೋಡಿ. ನಾವು ಕನ್ನಡಿಗರೂ ಏನು ಕಮ್ಮಿಯಿಲ್ಲ. ಇದೇ ಕೇರಳದ ಬಡಗಣ ತುದಿಯ ಮಂಜೇಶ್ವರದಲ್ಲಿ ಕೂತು ನಮ್ಮ ಗೋವಿಂದ ಪೈಗಳು ‘ಗೊಲ್ಗೊಥಾ’ ಬರೆದರು. ಯೇಸುವಿನ ಕೊನೆಯ ದಿನವನ್ನು ಕನ್ನಡದ ಮನೆಗೆ ತಂದರು. ಬುದ್ಧನದ್ದೂ ಅವರಿಗೆ ಬೇಕಾದದ್ದು ಕೊನೆಯ ದಿನವೇ, ‘ವೈಶಾಖಿ’ಯಲ್ಲಿ. ದೊಡ್ಡ ಕಾವ್ಯ, ತಕರಾರಿಲ್ಲ. ಆದರೆ ಕಾನಾ ಊರಿನ ಮದುವೆಮನೆಯಲ್ಲಿ ಆರು ಕಲ್ಲಿನ ಬಾನಿಗಳ ತುಂಬ, ಇಂದಿನ ಲೆಕ್ಕದಲ್ಲಿ ಸುಮಾರು ಐನೂರು ಲೀಟರಿನಷ್ಟು ದ್ರಾಕ್ಷಾರಸ ಒದಗಿಸಿದ ಆಸಾಮಿಯ ಪರಿಚಯ ನಮಗೆ ಅಷ್ಟಾಗಿ ಆಗಲಿಲ್ಲ. ಅವನನ್ನು ಹೊಟ್ಟೆಬಾಕ, ಕುಡುಕ ಎಂದು ವಿರೋಧಿಗಳು ಆಡಿಕೊಂಡದ್ದು ತಾವು ವ್ಯಾಖ್ಯಾನ ಬರೆದ ಮತ್ತಾಯನಲ್ಲೇ ಇದೆ. ಸದಾ ಮುಖ ಗಂಟಿಕ್ಕಿಕೊಂಡವನಿಗೆ ಯಾರಾದರೂ ಅಂಥ ಹೆಸರು ಕಟ್ಟುತ್ತಾರೆಯೇ?

ಈಗ ವಿಳಿಂಜಂಗೆ ಬರುತ್ತೇನೆ. ತಿರುವನಂತಪುರದ ದಕ್ಷಿಣಕ್ಕೆ, ಕೋವಳಂ ಪಕ್ಕದಲ್ಲಿದೆ. ಕಡಲಿಗೆ ಮುಖ ಮಾಡಿ ಸಿಂಧುಯಾತ್ರಾ ಮಾತೆಯ ಚರ್ಚು, ಹತ್ತಿರದಲ್ಲೇ ಮಸೀದಿ, ಎರಡರ ಮುಂದೆಯೂ ಮೀನುಗಾರರ ದೋಣಿಗಳು. ಈ ತಿರುವಾಂಕೂರು ಕರಾವಳಿಯ ಮುಕ್ಕುವ ಮೀನುಗಾರರಿಗೆ ಫ್ರಾನ್ಸಿಸ್ ಝೇವಿಯರ್ ದೀಕ್ಷಾಸ್ನಾನ ಕೊಟ್ಟದ್ದು 1544ರಲ್ಲಿ. ಅಂದಿನಿಂದ ಇವರು ಯೇಸುವಿನ ಬೆಸ್ತ ಶಿಷ್ಯರ ಕತೆ ಕೇಳುತ್ತಲೇ ಇದ್ದಾರೆ. ತಾವು ಕೇಳಿದ್ದು ಪೀಠದ ಮೇಲಿಂದ. ಇವರು ಕೇಳುವುದು ಮರಳಿನ ಮೇಲಿಂದ.

ಬೆಳಗಾಗುತ್ತಲೇ ಫೈಬರ್ ದೋಣಿಗಳು ದಡಕ್ಕೆ ಬರುತ್ತವೆ. ಬಂಗುಡೆಯೋ ಬೂತಾಯಿಯೋ ಬೊಂಡಾಸವೋ, ಸುರಿದ ಕೂಡಲೇ ಹರಾಜು. ಕೂಗುವವನ ಗಂಟಲು ಏರಿದಷ್ಟೂ ಅಲ್ಯುಮಿನಿಯಂ ಬೋಗುಣಿ ಹಿಡಿದ ಹೆಂಗಸರ ಹುಬ್ಬು ಗಂಟಾಗುತ್ತದೆ. ‘ಇದು ಮೀನೋ ಚಿನ್ನವೋ’ ಎಂದು ಒಬ್ಬಳು ಕೇಳಿದರೆ ಸಾಕು, ಗುಂಪೆಲ್ಲ ನಗುತ್ತದೆ, ದರ ಒಂದಿಷ್ಟು ಇಳಿಯುತ್ತದೆ. ಇವುಗಳ ನಡುವೆ ಬಲೆಯಲ್ಲಿ ಏನೂ ಇಲ್ಲದೆ ಬಂದ ದೋಣಿಯೂ ಇರುತ್ತದೆ. ರಾತ್ರಿಯೆಲ್ಲ ಸೀಮೆಎಣ್ಣೆ ಸುಟ್ಟು ಬರಿಗೈಯಲ್ಲಿ ಇಳಿದವನ ಮುಖ ನೋಡಿದರೇ ಗೊತ್ತಾಗುತ್ತದೆ. ಆದರೂ ದಡದಲ್ಲಿ ನಿಂತವನೊಬ್ಬ ಕೇಳಿಯೇ ತೀರುತ್ತಾನೆ: “ಏನು ಚೇಟ್ಟಾ, ಲಾರಿ ತರಿಸಲೇ?”

ಯೋಹಾನನ ಸುವಾರ್ತೆಯ 21ನೇ ಅಧ್ಯಾಯವನ್ನು ದಯವಿಟ್ಟು ಇದರ ಪಕ್ಕದಲ್ಲಿಟ್ಟು ಓದಿ. ರಾತ್ರಿಯಿಡೀ ಏನೂ ಸಿಗದೆ ಪೇತ್ರನೂ ಸಂಗಡಿಗರೂ ವಾಪಸು ಬರುತ್ತಿದ್ದಾರೆ. ದಡದಲ್ಲಿ ಒಬ್ಬ ನಿಂತು, ಮಕ್ಕಳೇ ಎಂದು ಕರೆದು, ಮೀನೇನಾದರೂ ಇದೆಯೇ ಎಂದು ವಿಚಾರಿಸುತ್ತಾನೆ. ಇವರದ್ದು ಒಂದೇ ಪದದ ಉತ್ತರ. ಆ ಉತ್ತರದ ಸಿಡುಕು ಯಾವ ಬಂದರಿನವನಿಗೂ ಅರ್ಥವಾಗುತ್ತದೆ. ಆಮೇಲೆ ಆತ, ಬಡಗಿಯ ಮಗ, ಹುಟ್ಟು ಬೆಸ್ತರಿಗೆ ದೋಣಿಯ ಬಲಗಡೆ ಬಲೆ ಹಾಕಲು ಹೇಳುತ್ತಾನೆ! ರಾತ್ರಿಯೆಲ್ಲ ಮೀನುಗಳು ಬಲಗಡೆ ಕ್ಯೂ ನಿಂತಿದ್ದವು, ಇವರಿಗೆ ಕಾಣಲಿಲ್ಲ ಎಂಬಂತೆ. ಬಲೆ ಭಾರವಾಗುತ್ತದೆ, ಗುರುವೆಂದು ಗುರುತು ಹತ್ತುತ್ತದೆ, ಪೇತ್ರ ಆತುರದಲ್ಲಿ ಅಂಗಿ ತೊಟ್ಟುಕೊಂಡು ನೀರಿಗೆ ಹಾರುತ್ತಾನೆ. ಜನ ಅಂಗಿ ಬಿಚ್ಚಿ ನೀರಿಗಿಳಿಯುತ್ತಾರೆ, ಸ್ವಾಮಿ. ಸಭೆಯ ಮೊದಲ ಮುಖಂಡ ತೊಟ್ಟು ಇಳಿದ. ದಡ ಸೇರಿ ನೋಡಿದರೆ ಅಲ್ಲಿ ಕೆಂಡದ ಮೇಲೆ ಮೀನು ಆಗಲೇ ಬೇಯುತ್ತಿದೆ. ಅಂದರೆ, ಮೀನಿದೆಯೇ ಎಂದು ಕೇಳಿದವನ ಹತ್ತಿರ ಮೊದಲಿಂದಲೂ ಮೀನಿತ್ತು!

ಸಾವಿನಿಂದ ಎದ್ದು ಬಂದ ಗುರು ಎದುರಿಗಿದ್ದಾಗ ಇವರು ಮೀನು ಎಣಿಸಿದರು: 153. ಈ ಅಂಕಿಗೆ ಪಂಡಿತರು ಪಟ್ಟ ಪಾಡು ಅಷ್ಟಿಷ್ಟಲ್ಲ. 1ರಿಂದ 17ರವರೆಗೆ ಕೂಡಿದರೆ 153 ಬರುತ್ತದೆಂದು ಕಂಡುಹಿಡಿದು ಅದರಲ್ಲಿ ಗೂಢಾರ್ಥ ತೆಗೆದವರು ತಮ್ಮ ಸಮಕಾಲೀನ ಸಂತ ಅಗಸ್ತೀನರು. ವಿಳಿಂಜಂನ ದಡದಲ್ಲಿ ಯಾರನ್ನು ಕೇಳಿದ್ದರೂ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: ಎಣಿಸದೆ ಪಾಲು ಹಂಚುವುದು ಹೇಗೆ?

ಹೀಗೆ ಪಾಂಡಿತ್ಯದ ಕೈಗೆ ಸಿಕ್ಕಿ ಸತ್ತ ನಗೆಮಾತುಗಳಲ್ಲಿ ಒಂಟೆಯದ್ದಕ್ಕೇ ಮೊದಲ ಸ್ಥಾನ. ಧನಿಕ ಸ್ವರ್ಗಕ್ಕೆ ಹೋಗುವುದಕ್ಕಿಂತ ಒಂಟೆ ಸೂಜಿಕಣ್ಣಲ್ಲಿ ನುಸುಳುವುದೇ ಸಲೀಸು ಎಂದಾಗ ಕೇಳಿದ ರೈತಾಪಿ ಜನ ಖಂಡಿತ ನಕ್ಕಿರುತ್ತಾರೆ. ಮುಂದೆ ವ್ಯಾಖ್ಯಾನಕಾರರು ಬಂದರು. ಜೆರುಸಲೇಮಿನಲ್ಲಿ ಸೂಜಿಕಣ್ಣು ಎಂಬ ಹೆಸರಿನ ಕಿರುಬಾಗಿಲೊಂದಿತ್ತು, ಒಂಟೆ ಹೊರೆ ಇಳಿಸಿ ಮಂಡಿಯೂರಿದರೆ ದಾಟಬಹುದಿತ್ತು ಎಂದು ಕತೆ ಕಟ್ಟಿದರು. ಅಂಥ ಬಾಗಿಲಿಗೆ ಪುರಾವೆಯೇ ಇಲ್ಲ. ಆದರೆ ಆ ಕಾಳಜಿ ನೋಡಿ! ಹಾಸ್ಯ ಹೋದರೆ ಹೋಗಲಿ, ಧನಿಕರು ಹೇಗಾದರೂ ಒಳಗೆ ಹೋಗಬೇಕು. ವಿಳಿಂಜಂನಲ್ಲಿ ಒಂಟೆ ಇಲ್ಲ, ಅದಕ್ಕಿಂತ ದೊಡ್ಡದು ಬರುತ್ತದೆ. 2025ರ ಜೂನ್‌ನಲ್ಲಿ 24,346 ಕಂಟೈನರ್ ಹೊರುವ, ಸುಮಾರು 400 ಮೀಟರ್ ಉದ್ದದ ಎಂಎಸ್‌ಸಿ ಐರಿನಾ ಹಡಗು ಇಲ್ಲಿಯ ಹೊಸ ಬಂದರಿಗೆ ಬಂತು. ಯೇಸು ಇಲ್ಲಿ ಪ್ರವಚನ ಮಾಡಿದ್ದರೆ ಒಂಟೆಯ ಕೆಲಸ ಈ ಹಡಗಿಗೆ ಸಿಗುತ್ತಿತ್ತು. ಅದು ನುಸುಳಬೇಕಾದ ಸೂಜಿ ಬಲೆ ಹೊಲಿಯುವವನ ಕೈಯಲ್ಲಿರುತ್ತಿತ್ತು.

ನಿನ್ನ ಕಣ್ಣಲ್ಲಿ ತೊಲೆಯಿಟ್ಟುಕೊಂಡು ಸೋದರನ ಕಣ್ಣಿನ ರವೆ ನೋಡುತ್ತೀಯಲ್ಲ ಎಂಬ ಮಾತೂ ಅಷ್ಟೆ, ಶುದ್ಧ ಬಡಗಿ ಸಾಲೆಯ ತಮಾಷೆ. ಎಲ್ಟನ್ ಟ್ರೂಬ್ಲಡ್ ಎಂಬ ಅಮೆರಿಕದ ಕ್ವೇಕರ್ ಪಂಡಿತರು ಮನೆಯಲ್ಲಿ ಅದನ್ನು ಗಂಭೀರವಾಗಿ ಓದುತ್ತಿದ್ದಾಗ ಅವರ ನಾಲ್ಕು ವರ್ಷದ ಮಗ ನಕ್ಕುಬಿಟ್ಟನಂತೆ. ಆ ನಗು ಬೆಳೆದು 1964ರಲ್ಲಿ ಯೇಸುವಿನ ಹಾಸ್ಯದ ಕುರಿತ ಪುಸ್ತಕವಾಯಿತು.

ಕೊಚ್ಚಿ ಕಡೆಯ ಸಮಾಚಾರ ತಮಗೆ ಇನ್ನೂ ನೋವು ತರಬಹುದು, ಸಾವಧಾನವಾಗಿ ಕೇಳಿ. ಅಲ್ಲಿ ಫಾದರ್ ಅಬೇಲ್ ಎಂಬ ಸಿಎಂಐ ಸಭೆಯ ಪಾದ್ರಿಗಳಿದ್ದರು. ಶುಭ ಶುಕ್ರವಾರ ಕೇರಳದ ಕ್ಯಾಥೊಲಿಕರು ಶಿಲುಬೆಯ ಹಾದಿಯಲ್ಲಿ ಕಣ್ಣು ಒದ್ದೆ ಮಾಡಿಕೊಂಡು ಹಾಡುವ ಹಾಡುಗಳನ್ನು ಬರೆದವರು ಅವರೇ. ಅದೇ ಕೈಯಿಂದ 1969ರಲ್ಲಿ ಕಲಾಭವನ ಎಂಬ ಸಂಸ್ಥೆ ಕಟ್ಟಿದರು. 1981ರಲ್ಲಿ ಅಲ್ಲಿಂದ ‘ಮಿಮಿಕ್ಸ್ ಪರೇಡ್’ ಎಂಬ ಅಣಕು ಪ್ರದರ್ಶನ ಹೊರಟಿತು. ಸಿದ್ದೀಕ್–ಲಾಲ್, ಜಯರಾಂ, ಕಲಾಭವನ್ ಮಣಿ ಮುಂತಾಗಿ ಮಲಯಾಳಂ ಚಿತ್ರರಂಗದ ಅರ್ಧ ನಗು ಆ ಪಾದ್ರಿಗಳ ಅಂಗಳದಲ್ಲಿ ಆಡಿ ಬೆಳೆಯಿತು. ಅಳುವಿನ ಇಲಾಖೆ, ನಗುವಿನ ಇಲಾಖೆ ಎರಡನ್ನೂ ಒಬ್ಬರೇ ನಡೆಸಿದರು. ತಮ್ಮ ನಿಯಮದ ಪ್ರಕಾರ ಇದು ಅಧಿಕಾರ ದುರುಪಯೋಗವೇ ಸರಿ.

ಅದಕ್ಕಿಂತ ಘೋರ ಇನ್ನೊಂದಿದೆ. ತಮ್ಮದೇ ಹೆಸರಿಟ್ಟುಕೊಂಡ ಮಾರ್ ಥೋಮಾ ಸಭೆಯ ಫಿಲಿಪೋಸ್ ಮಾರ್ ಕ್ರಿಸೊಸ್ಟಮ್ 1918ರಲ್ಲಿ ಹುಟ್ಟಿ, 103 ವರ್ಷ ಬಾಳಿ, 2021ರಲ್ಲಿ ತೀರಿಕೊಂಡರು. ಪಂಪಾ ನದಿಯ ಮರಳ ದಂಡೆಯ ಮಾರಾಮಣ್ ಸಮಾವೇಶದಲ್ಲಿ ಸಾವಿರಾರು ಜನರನ್ನು ನಗಿಸುತ್ತಿದ್ದರು. ಮೊದಲು ಬಿಷಪ್ಪರನ್ನು, ಅಂದರೆ ತಮ್ಮನ್ನು ತಾವೇ ಗೇಲಿ ಮಾಡಿಕೊಂಡು. ಅವರ ನಗೆಮಾತುಗಳನ್ನು ಪುಸ್ತಕ ಮಾಡಿ ಮಾರಿದರು, ಭಾರತ ಸರ್ಕಾರ 2018ರಲ್ಲಿ ಪದ್ಮಭೂಷಣ ಕೊಟ್ಟಿತು. ತಮ್ಮ ಹೆಸರಿನ ಇಂಥ ದುರ್ಬಳಕೆ ತಡೆಯಲು ಯಾರೂ ಮುಂದೆ ಬರಲಿಲ್ಲ.

ತಮ್ಮ ಪರವಾಗಿ ನಿಂತವರು ಇಲ್ಲವೇ ಇಲ್ಲ ಎಂದಲ್ಲ. ಮಿಮಿಕ್ರಿ ವೇದಿಕೆಯಿಂದಲೇ ಬಂದ ನಾದಿರ್‌ಷಾ 2021ರಲ್ಲಿ ‘ಈಶೋ’, ಅಂದರೆ ಯೇಸು, ಎಂದು ಸಿನಿಮಾಕ್ಕೆ ಹೆಸರಿಟ್ಟಾಗ ಕೆಲವು ಕ್ರೈಸ್ತ ಸಂಘಟನೆಗಳು ಸಿಡಿದೆದ್ದವು. ಸಿನಿಮಾ ನೋಡುವ ಮೊದಲೇ ಮನಸ್ಸು ನೋಯಿತು. ಈಶೋ ಎಂಬುದು ಮಧ್ಯ ಕೇರಳದ ನಸ್ರಾಣಿ ಕ್ರೈಸ್ತರ ಮನೆಗಳಲ್ಲಿ ಗಂಡಸರಿಗೆ ಇಡುವ ಹೆಸರೂ ಹೌದು. ಆ ಹೆಸರಿನವರು ಮೀನು ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವಾಗ ಯಾರ ಭಾವನೆಗೂ ಧಕ್ಕೆ ಬಂದಿರಲಿಲ್ಲ. ಸಿನಿಮಾದ ಹೆಸರಿನ ವಿರುದ್ಧದ ಅರ್ಜಿಯನ್ನು ಕೇರಳ ಹೈಕೋರ್ಟು ವಜಾ ಮಾಡಿತು. ಮೂರು ವರ್ಷ ಕಳೆದು, 2024ರ ಜೂನ್ 14ರಂದು, ಪೋಪ್ ಫ್ರಾನ್ಸಿಸ್ ನೂರಕ್ಕೂ ಹೆಚ್ಚು ಹಾಸ್ಯ ಕಲಾವಿದರನ್ನು ವ್ಯಾಟಿಕನ್ನಿಗೇ ಕರೆಸಿ, ಪ್ರೀತಿಪಾತ್ರರ ಜೊತೆ ಆಡುವ ಹಾಗೆ ದೇವರ ಜೊತೆಯೂ ತಮಾಷೆ ಆಡಬಹುದು ಎಂದರು. ಅವರ ಮೇಲೂ ಒಂದು ದೂರು ದಾಖಲಿಸಿಕೊಳ್ಳಿ.

ಇಷ್ಟೆಲ್ಲ ಹೇಳಿದರೂ ಒಂದು ಕಡೆ ತಮ್ಮ ಮಾತಿಗೆ ನಾನು ತಲೆಬಾಗಬೇಕು. ಬಿರುಗಾಳಿಗೆ ಸಿಕ್ಕಿದ ದೋಣಿಯಲ್ಲಿ ಯೇಸು ತಲೆದಿಂಬಿಟ್ಟು ನಿದ್ದೆ ಹೋದ ಪ್ರಸಂಗವನ್ನು ನಗುತ್ತ ಹೇಳುವ ಬೋಧಕರಿದ್ದಾರೆ. ವಿಳಿಂಜಂನಲ್ಲಿ ಹಾಗೆ ಹೇಳುವ ಧೈರ್ಯ ನನಗಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಎಚ್ಚರಿಕೆ ತಲುಪುವಷ್ಟರಲ್ಲಿ ಈ ಕರಾವಳಿಯ ದೋಣಿಗಳು ಕಡಲಲ್ಲಿದ್ದವು. ಎಷ್ಟೋ ಮನೆಗಳಿಗೆ ಹೆಣವೂ ಬರಲಿಲ್ಲ. 2022ರಲ್ಲಿ ಲ್ಯಾಟಿನ್ ಮಹಾಧರ್ಮಪ್ರಾಂತ್ಯದ ಮುಂದಾಳುತನದಲ್ಲಿ ಜನ ಬಂದರಿನ ಬಾಗಿಲಲ್ಲಿ ತಿಂಗಳುಗಟ್ಟಲೆ ಧರಣಿ ಕೂತದ್ದು ಕೊರೆದುಹೋದ ದಡಕ್ಕಾಗಿ, ವಲಿಯತುರದ ಸಿಮೆಂಟ್ ಗೋದಾಮಿನಲ್ಲಿ ದಿನ ದೂಡುತ್ತಿದ್ದ ಕುಟುಂಬಗಳಿಗಾಗಿ, ಸೀಮೆಎಣ್ಣೆಯ ಸಬ್ಸಿಡಿಗಾಗಿ. ಇವರ ಮುಂದೆ ‘ನಗುವ ಯೇಸು’ವಿನ ಪೋಸ್ಟರ್ ಹಚ್ಚಿ ಹೋಗುವವರಿಗಿಂತ ತಾವೇ ವಾಸಿ. ಸುವಾರ್ತೆಯಲ್ಲಿ ಗಟ್ಟಿಯಾಗಿ ನಕ್ಕವರೆಂದರೆ ಮಗಳನ್ನು ಕಳೆದುಕೊಂಡ ಯಾಯೀರನ ಮನೆಯಲ್ಲಿ ಯೇಸುವನ್ನೇ ನೋಡಿ ನಕ್ಕ ಗುಂಪು. ಮಗು ಸತ್ತಿಲ್ಲ, ಮಲಗಿದೆ ಎಂದದ್ದಕ್ಕೆ ಗೇಲಿ ಮಾಡಿದರು. ಅವನು ಅವರನ್ನು ಹೊರಗೆ ಕಳಿಸಿದ, ಹುಡುಗಿಯನ್ನು ಎಬ್ಬಿಸಿದ. ಎಲ್ಲರೂ ದಂಗುಬಡಿದು ನಿಂತಿರುವಾಗ, ಮೊದಲು ಅವಳಿಗೆ ಏನಾದರೂ ತಿನ್ನಲು ಕೊಡಿ ಎಂದ. ಇದನ್ನು ಹಾಸ್ಯ ಎನ್ನುವಿರೋ ಗಾಂಭೀರ್ಯ ಎನ್ನುವಿರೋ, ತಮಗೇ ಬಿಟ್ಟದ್ದು.

ಅಂದಹಾಗೆ ತಮ್ಮ ಬಗ್ಗೆಯೇ ಒಂದು ಸಂಗತಿ ಓದಿದ್ದೇನೆ. ಪ್ರವಚನದ ನಡುವೆ ಜನ ಚಪ್ಪಾಳೆ ತಟ್ಟುತ್ತಾರೆಂದು ಸಿಟ್ಟಾಗಿ, ಇನ್ನು ಮೇಲೆ ಚರ್ಚಿನಲ್ಲಿ ಚಪ್ಪಾಳೆ ಕೂಡದು ಎಂದು ತಾವು ವಿಧಿಸಿದಾಗ, ಅದಕ್ಕೂ ಜನ ಚಪ್ಪಾಳೆ ಹೊಡೆದರಂತೆ. ಆ ಗಳಿಗೆಯಲ್ಲಿ ತಮ್ಮ ತುಟಿ ಸ್ವಲ್ಪವಾದರೂ ಅಲುಗಿತೇ? ಯಾರೂ ಬರೆದಿಟ್ಟಿಲ್ಲ.

ಮತ್ತಾಯನ ಮೇಲೆ ತಮ್ಮ 90 ಪ್ರವಚನಗಳಿವೆ, ಯೋಹಾನನ ಮೇಲೆ 88. ಲೂಕನ ಮೇಲೆ ಅಂಥ ಸರಣಿ ಇಲ್ಲ. ತೊಂದರೆಯ ಮೂಲ ಅಲ್ಲೇ ಇರಬಹುದೆಂದು ನನ್ನ ಗುಮಾನಿ. ಲೂಕನ 24ನೇ ಅಧ್ಯಾಯ ತೆಗೆಯಿರಿ. ಎಮ್ಮಾವು ಎಂಬ ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರು ಜೋಲುಮುಖ ಹಾಕಿಕೊಂಡು ಹೋಗುತ್ತಿದ್ದಾರೆ. ಎದ್ದು ಬಂದ ಯೇಸು ಜೊತೆ ಸೇರುತ್ತಾನೆ, ಗುರುತು ಸಿಗುವುದಿಲ್ಲ. ಜೆರುಸಲೇಮಿನಲ್ಲಿ ನಡೆದದ್ದು ನಿನಗೊಬ್ಬನಿಗೇ ತಿಳಿಯದೇ ಎಂದು ಅವರು ಅವನನ್ನೇ ಗದರುತ್ತಾರೆ. ಮೊನ್ನೆಯಷ್ಟೇ ಶಿಲುಬೆಗೇರಿದ್ದವನು, ಏನಾಯಿತು ಎಂದು ಅಮಾಯಕನಂತೆ ಕೇಳಿ, ತನ್ನ ಸಾವಿನ ವರದಿಯನ್ನು ಅವರ ಬಾಯಿಂದ ಪೂರ್ತಿ ಕೇಳಿಸಿಕೊಳ್ಳುತ್ತಾನೆ! ಊರು ಬಂದಾಗ ಇನ್ನೂ ಮುಂದೆ ಹೋಗುವವನಂತೆ ನಟನೆ ಬೇರೆ.

ಇದರ ಮೇಲೆ ತಮ್ಮ ವ್ಯಾಖ್ಯಾನ ಕೇಳಲು ಕಾದಿದ್ದೇನೆ. ಉತ್ತರ ಒಂದು ಪುಟ ಮೀರದಿರಲಿ. ಇಲ್ಲಿಯವರಿಗೆ ಓದಿ ಹೇಳಬೇಕು, ಹರಾಜು ಶುರುವಾದರೆ ಯಾರೂ ನಿಲ್ಲುವುದಿಲ್ಲ.

ಇತಿ ತಮ್ಮ ವಿಧೇಯ,
ಚಪ್ಪಾಳೆ ತಟ್ಟಿದವರ ಪೈಕಿ ಒಬ್ಬ